ಮೂರು ಊರಿಗೆ ಒಂದೇ ಮಿತಿ

ನಿಮ್ಮ ಅವ್ವ ಸೊಸೆಯಾಗಿ ಬಂದ ಮೇಲೆ ಬಹಳ ದಿನ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಜಗಳವೇನೂ ಇರಲಿಲ್ಲ. ನನಗೆ ಮೊದಲಿನಿಂದಲೂ ಸಂಕೋಚ. ನನ್ನ ತವರು ಬೆಳ್ಳಟ್ಟಿಯ ಶಾಲೆಯಲ್ಲಿ ಗುರುಗಳು ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದೆ, ಬಾಯಿಂದ ಮಾತು ಬರುತ್ತಿರಲಿಲ್ಲ. ಆಕೆಯೂ ಹಾಗೆಯೇ. ನಿಮ್ಮ ಅಜ್ಜ ಇರುವಾಗ ಮನೆಯ ಮಾತನ್ನೆಲ್ಲ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಮನೆಯಲ್ಲಿ ಹಗಲೆಲ್ಲ ರೊಟ್ಟಿ ಬಡಿಯುವ ಸದ್ದೊಂದೇ ಉಳಿಯಿತು. ನಾವಿಬ್ಬರೂ ಮಾತಾಡಲು ಕಲಿತದ್ದು ಲಕ್ಷ್ಮೇಶ್ವರದ ಒಂದು ಕಂಪ್ಯೂಟರಿನಿಂದ. ನೀವು ಆಗ ಬಹಳ ಸಣ್ಣವರು, ಅದಕ್ಕೇ ಬರೆದಿಡುತ್ತಿದ್ದೇನೆ.

ಗದಗಿನ ಕಣ್ಣಿನ ಡಾಕ್ಟರೊಬ್ಬರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದೊಂದು ಸಣ್ಣ ದವಾಖಾನೆ ತೆರೆದಿದ್ದರು. ಮೂರೂ ಕಡೆ ಒಂದೊಂದು ಸರ್ವರ್ ಇತ್ತು. ಅವನ್ನು ನೋಡಿಕೊಳ್ಳುವ ಕೆಲಸ ನಿಮ್ಮ ಅವ್ವನದು. ಸರ್ವರ್ ಎಂದರೇನು ಎಂದು ಕೇಳಿದ್ದಕ್ಕೆ, "ಅದೂ ಕಂಪ್ಯೂಟರ‍್ರ ಅತ್ತೀ. ಅದರ ಮುಂದ ಯಾರೂ ಕುಂಡ್ರೂದಿಲ್ಲ. ಮೂಲ್ಯಾಗ ಇದ್ದು ಉಳಿದವಕ್ಕೆಲ್ಲ ದುಡೀತೈತಿ" ಎಂದಿದ್ದಳು. ಮನೆಯಲ್ಲಿ ಕೂತೇ ಫೋನಿನಲ್ಲಿ, ತನ್ನ ಕಂಪ್ಯೂಟರಿನಲ್ಲಿ ಮೂರನ್ನೂ ಕಾಯುತ್ತಿದ್ದಳು. ಮದುವೆಗೆ ಮುಂಚೆ ಕಲಿತ ಕಂಪ್ಯೂಟರ್ ವಿದ್ಯೆ ವ್ಯರ್ಥವಾಯಿತೆಂದು ಒಳಗೊಳಗೇ ಕೊರಗಿದವಳಿಗೆ ಆ ಕೆಲಸ ಸಿಕ್ಕಾಗ ಮುಖಕ್ಕೆ ಬಂದ ಕಳೆಯನ್ನು ನಾನು ನೋಡಿದ್ದೆ.

ಮೂರೂ ಮಷೀನು ಬೇರೆ ಬೇರೆ ಜಾತಿಯವು. ಮುಂಡರಗಿಯದು ಹಳೆಯದು. ಲಕ್ಷ್ಮೇಶ್ವರದ್ದು ಹೊಚ್ಚ ಹೊಸದು, ದೊಡ್ಡದು. ಶಿರಹಟ್ಟಿಯದು ಅಂಗೈಯಗಲದ ಡಬ್ಬಿ, ಮೊಬೈಲಿನಲ್ಲಿರುವಂಥ ಪ್ರೊಸೆಸರ್ ಅದರೊಳಗೆ. ಮೂರನ್ನೂ ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಂ ಮಾತ್ರ ಒಂದೇ, ಲಿನಕ್ಸ್. ಆದರೆ ಮೂರು ಊರಿನ ಕೆಲಸಗಾರರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ನಿಮ್ಮ ಅವ್ವ ಹಿಟ್ಟು ನಾದುತ್ತ ಫೋನನ್ನು ಸ್ಪೀಕರಿಗೆ ಹಾಕಿ ಇಟ್ಟಿರುತ್ತಿದ್ದಳು. ಮುಂಡರಗಿಯ ಕಾಂಪೌಂಡರ್ ದನಿ ಅಡುಗೆಮನೆ ತುಂಬ.

"ಏನ್ರೀ ಮೇಡಂ, ಲಕ್ಷ್ಮೇಶ್ವರದಾವ್ರು ನಿಮ್ಮ ಬೀಗರೇನು? ಅವರಿಗೆ ಹೊಸಾದು, ನಮಗ ಅಜ್ಜನ ಕಾಲದ್ದು!"

ಆತ ಫೋನಿಟ್ಟ ಮೇಲೆ ಶಿರಹಟ್ಟಿ ದವಾಖಾನೆಯ ಹುಡುಗಿ. "ಅಕ್ಕಾ, ನಮಗ ಕೊಟ್ಟದ್ದು ಮಷೀನೋ, ಸುಣ್ಣದ ಡಬ್ಬಿನೋ? ಇಲ್ಲಿ ಮಂದಿ ನಗಾಕತ್ತಾರ."

ಆ ದಿನಗಳಲ್ಲಿ ಕಣ್ಣಿನ ಒಳಪೊರೆಯ ಫೋಟೋಗಳನ್ನು ಜೋಡಿಸಿ ಒಂದು ಮಾಡುವ ಹೊಸ ಪ್ರೋಗ್ರಾಂ ಬಂತು. ಅದು ಮೆಮೊರಿಯನ್ನು ಸಿಕ್ಕಾಪಟ್ಟೆ ತಿನ್ನುತ್ತದಂತೆ. ಹಾಗೇ ಬಿಟ್ಟರೆ ಚೀಟಿ ಮಾಡುವ, ಔಷಧ ಬರೆಯುವ ಕೆಲಸಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕೆ, ಇಷ್ಟಕ್ಕಿಂತ ಹೆಚ್ಚು ತಿನ್ನಬೇಡ ಎಂದು ಒಂದು ಮಿತಿ ಹಾಕಬೇಕು. ನಿಮ್ಮ ಅವ್ವ ಮೊದಲು ಮುಂಡರಗಿಯಲ್ಲಿ ಹಾಕಿ ನೋಡಿದಳು. ಚೆನ್ನಾಗಿ ನಡೆಯಿತು. ಅದೇ ಅಂಕಿಯನ್ನು ಮೂರೂ ಕಡೆ ಹಾಕಿ, ಮೂವರಿಗೂ ಫೋನು ಮಾಡಿ, "ನೋಡ್ರಿ, ಮೂರೂ ಊರಿಗೆ ಒಂದ ಮಿತಿ. ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದಳು. ಮುಂಡರಗಿಯಾತ, "ಹಾಂ, ಈಗ ನ್ಯಾಯ ಆತು" ಎಂದ. ಪಂಕ್ತಿಭೇದ ಮಾಡಬಾರದೆಂದು ಬೆಳೆದವರು ನಾವು. ಆಕೆ ಮಾಡಿದ್ದು ನನಗೂ ಸರಿಯೆನಿಸಿತ್ತು.

ಕೆಲವೇ ದಿನಗಳಲ್ಲಿ ಲಕ್ಷ್ಮೇಶ್ವರದ ಹೊಸ ಮಷೀನಿನಲ್ಲಿ ಫೋಟೋ ಜೋಡಿಸುವ ಕೆಲಸ ಅರ್ಧಕ್ಕೇ ನಿಲ್ಲತೊಡಗಿತು. ಮತ್ತೆ ಶುರು ಮಾಡಿದರೆ ಮತ್ತೆ ನಿಲ್ಲುತ್ತಿತ್ತು. ಕಣ್ಣಿಗೆ ಹನಿ ಹಾಕಿಸಿಕೊಂಡ ಮುದುಕರು ಮಂಜುಗಣ್ಣಿನಲ್ಲಿ ಬೆಂಚಿನ ಮೇಲೆ ಕೂತೇ ಇರಬೇಕಾಯಿತು. ಮನೆಯಿಂದ ಏನು ಮಾಡಿದರೂ ಸರಿಹೋಗಲಿಲ್ಲ. ಮುಂಡರಗಿಯಾತನಿಗೆ ಹಬ್ಬ.

"ಹೊಸಾದು ನೆಲಾ ಹಿಡೀತಂತಲ್ರಿ ಮೇಡಂ? ನಮ್ಮ ಅಜ್ಜ ಗಟ್ಟಿ ಅದಾನ ನೋಡ್ರಿ!"

ಒಂದು ಸಂಜೆ ಡಾಕ್ಟರೇ ಫೋನು ಮಾಡಿದರು. ಜೋರು ಮಾಡಲಿಲ್ಲ. "ನಾಳಿ ನಾನು ಲಕ್ಷ್ಮೇಶ್ವರದಾಗ ಇರ್ತೀನಿ. ನಾಳೆನೂ ಸರಿ ಆಗಲಿಲ್ಲಂದ್ರ ಹುಬ್ಬಳ್ಳಿಯವರಿಗೆ ಈ ಕೆಲಸ ಒಪ್ಪಿಸ್ತೀನಮ್ಮ. ತಪ್ಪು ತಿಳ್ಕೋಬ್ಯಾಡ್ರಿ" ಎಂದರು.

ನಿಮ್ಮ ಅವ್ವ ಫೋನು ಇಟ್ಟು ಒಲೆಯ ಮುಂದೆ ನಿಂತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನೇ ತೆಗೆದೆ. ಆಮೇಲೆ ಕೇಳಿದಳು, "ಅತ್ತೀ, ನಾಳಿ ನನ್ನ ಜೋಡಿ ಬರ್ತೀರೇನು?"

ಆಕೆ ನನ್ನಲ್ಲಿ ಏನನ್ನೂ ಕೇಳಿದವಳೇ ಅಲ್ಲ. "ನಾ ಬಂದು ಏನ್ ಮಾಡ್ಲಿ ತಂಗಿ?" ಎಂದೆ. "ಏನೂ ಮಾಡಬ್ಯಾಡ್ರಿ. ಸುಮ್ಮನ ಬರ್ರಿ" ಎಂದಳು. ನಿಮ್ಮನ್ನು ಪಕ್ಕದ ಮನೆಯಲ್ಲಿ ಬಿಟ್ಟು, ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದೆವು.

ದವಾಖಾನೆ ತುಂಬಿತ್ತು. ಡಾಕ್ಟರು ಒಳಗೆ ರೋಗಿಗಳನ್ನು ನೋಡುತ್ತಿದ್ದರು. ಸರ್ವರ್ ಇದ್ದದ್ದು ಹಿಂದಿನ ಸಣ್ಣ ಖೋಲಿಯಲ್ಲಿ, ಔಷಧದ ಖಾಲಿ ರಟ್ಟಿನ ಡಬ್ಬಿಗಳ ನಡುವೆ. ನಿಮ್ಮ ಅವ್ವ ಅದಕ್ಕೊಂದು ಪರದೆ ಜೋಡಿಸಿ ಸ್ಟೂಲಿನ ಮೇಲೆ ಕೂತಳು. ನಾನು ಬಾಗಿಲ ಹತ್ತಿರ ನಿಂತೆ. ಕರಿ ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಓಡುತ್ತಿದ್ದವು. ಬಹಳ ಹೊತ್ತು ನೋಡಿದಳು. ಒಮ್ಮೆಲೇ ಹಣೆಗೆ ಕೈ ಹಚ್ಚಿಕೊಂಡಳು.

"ಏನಾತು?"

"ಇದರಾಗ ಮೆಮೊರಿ ರಗಡ ಐತಿ ಅತ್ತೀ. ನಾ ಹಾಕಿದ ಮಿತಿ ದಾಟಿತು ಅಂತ ಲಿನಕ್ಸ ಆ ಪ್ರೋಗ್ರಾಂ ಕೊಲ್ಲಾಕತ್ತೈತಿ. ನೆಲದಾಗಿನ ಹಗೇವು ತುಂಬ ಜ್ವಾಳ ಇಟ್ಟು ಉಪಾಸ ಕೆಡವಿದಂಗ ಆಗೇತಿ."

"ಮುಂಡರಗ್ಯಾಗೂ ಅಷ್ಟ ಹಾಕೀಯಲ್ಲ? ಅದ್ಯಾಕ ಬೀಳವಲ್ದು?"

ಆಕೆ ನನ್ನತ್ತ ತಿರುಗಿದಳು. ಹೇಗೆ ಹೇಳಲಿ ಎಂದು ಹುಡುಕಿದಳು. "ನಿಮ್ಮ ಬೆಳ್ಳಟ್ಟ್ಯಾಗ ಯಾರದರ ಮನಿ ಕೇಳಿದ್ರ ಹೆಂಗ ಹೇಳ್ತೀರಿ?"

"ಗುಡಿ ಹಿಂದ ಅಂತೀವಿ."

"ಅಷ್ಟ ಸಾಕಲ್ಲ? ಬೆಂಗಳೂರಾಗ ಆದ್ರ ಮನಿ ನಂಬರು, ಗಲ್ಲಿ, ಬಡಾವಣಿ, ಪಿನ್‌ಕೋಡು, ಎಲ್ಲಾ ಬೇಕು. ಮುಂಡರಗಿ ಮಷೀನು ಹಳ್ಳಿ ಇದ್ದಂಗ. ಅದರಾಗ ವಿಳಾಸ ಸಣ್ಣುವು. ಸಣ್ಣ ವಿಳಾಸಕ್ಕ ಒಂದಿಷ್ಟ ಮನಿ ಅಷ್ಟ ಸಿಗ್ತಾವು. ಎಷ್ಟ ಮೆಮೊರಿ ತಂದು ಹಾಕಿದ್ರೂ ಒಂದ ಪ್ರೋಗ್ರಾಮಿಗೆ ಅದಕ್ಕಿಂತ ಹೆಚ್ಚು ಮುಟ್ಟಾಕ ಆಗೂದಿಲ್ಲ. ಇದು ದೊಡ್ಡ ಶಹರ. ಇಲ್ಲಿ ಒಂದೊಂದು ವಿಳಾಸ ದುಪ್ಪಟ್ಟು ಉದ್ದ. ಪ್ರೋಗ್ರಾಂ ಅದ, ಫೋಟೋನೂ ಅವ. ವಿಳಾಸ ಬರಿಯಾಕ ಇಲ್ಲಿ ಹೆಚ್ಚು ಜಾಗಾ ಬೇಕು." ಮತ್ತೆ ಪರದೆಯತ್ತ ತಿರುಗಿ ಹೇಳಿದಳು, "ಶಿರಹಟ್ಟಿದು ಮತ್ತೊಂದು ನಮೂನಿ. ಅದು ಮೆಮೊರಿ ಹಂಚೂದ ದೊಡ್ಡ ದೊಡ್ಡ ತುಂಡು ಮಾಡಿ. ಚೂರು ಕೇಳಿದ್ರೂ ಇಡೀ ತುಂಡು ಕೊಡ್ತೈತಿ. ಅಲ್ಲಿ ಮಂದಿ ಕಮ್ಮಿ, ಅದಕ ಇನ್ನೂ ನಿಂತೈತಿ. ಒಂದಿನ ಅದೂ ಬೀಳ್ತೈತಿ."

ನನಗೆ ಎಲ್ಲವೂ ತಿಳಿಯಿತೆಂದು ಹೇಳಲಾರೆ. ಅಷ್ಟು ಉದ್ದದ ಮಾತನ್ನು ಆಕೆ ನನ್ನೊಡನೆ ಆಡಿದ್ದು ಅದೇ ಮೊದಲು, ಅದು ತಿಳಿಯಿತು.

ಹೊರಗೆ ಗದ್ದಲ ಹೆಚ್ಚಿತ್ತು. ಆಕೆ ದನಿ ತಗ್ಗಿಸಿ ಕೇಳಿದಳು. "ಅತ್ತೀ, ಮಿತಿ ಏರಿಸಿದ್ರ ಆತು, ಈಗ ಸರಿ ಆಗ್ತೈತಿ. ಮಷೀನದಾಗ ಏನೋ ದೋಷ ಇತ್ತು ಅಂದ್ರ ಯಾರಿಗೂ ಗೊತ್ತಾಗೂದಿಲ್ಲ. ನನ್ನ ತಪ್ಪು ಅಂದ್ರ ಈ ಕೆಲಸ ಹೋದಂಗ. ಏನ್ ಹೇಳ್ಲಿ?"

ಕೆಲಸ ಹೋದರೆ ಆಕೆಯ ಮುಖ ಮತ್ತೆ ಮೊದಲಿನಂತಾಗುವುದನ್ನು ನೆನೆದು ನನಗೂ ಭಯವಾಯಿತು. ಸುಳ್ಳು ಹೇಳು ಎನ್ನುವಷ್ಟು ಭಯ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಈಗ ಹಂಗಂದ್ರ, ನಾಳಿ ಶಿರಹಟ್ಟಿದು ಬಿದ್ದಾಗ ಏನಂತೀ?"

ಆಕೆ ಅಳು ಬಂದವಳಂತೆ ನಕ್ಕಳು. "ನಾ ಅಂಜೂ ಮಾತನ್ನ ನೀವ ಕೇಳಿಬಿಟ್ರಿ ನೋಡ್ರಿ" ಎಂದು ಕೀಲಿಮಣೆಗೆ ತಿರುಗಿದಳು.

ನಾನು ಹೊರಗೆ ಬಂದೆ. ಬೆಂಚಿನ ಮೇಲೆ ಬಾಳೆಹೊಸೂರಿನ ಮುದುಕಿಯೊಬ್ಬಳು ಗಂಡನ ಕೈ ಹಿಡಿದು ಕೂತು ಎಲ್ಲರಿಗೂ ಕೇಳುವಂತೆ ಬೈಯುತ್ತಿದ್ದಳು. "ಮುಂಜಾನಿ ಹನಿ ಹಾಕ್ಯಾರ, ಈ ಮನಿಷ್ಯಾಗ ನಾನೂ ಕಾಣವಲ್ಲೆ, ಗ್ವಾಡೀನೂ ಕಾಣವಲ್ದು. ಒಳಗ ಯಾವಾಕೀನೋ ಕುಂಡ್ರಿಸ್ಯಾರಂತ. ಹೆಣಮಕ್ಕಳಿಗೆ ಈ ಮಷೀನು ತಿಳೀತಾವೇನು?"

ಅಷ್ಟು ಜನರ ನಡುವೆ ನಾನು ಯಾವತ್ತೂ ದನಿಯೆತ್ತಿದವಳಲ್ಲ. "ಆಕಿ ನನ್ನ ಸೊಸಿ ರೀ" ಎಂದೆ. "ತಿಳೀತಾವು. ಗಳಿಗಿ ತಡೀರಿ."

ಮುದುಕಿ, "ಅಯ್ಯ ಶಿವನ! ನಿಮ್ಮ ಸೊಸೀನಾ? ಮೊದಲ ಹೇಳಬಾರದೇನ್ರಿ, ಇಷ್ಟೊತ್ತು ಬೈದ್ನಲ್ಲ!" ಎಂದು ಸರಿದು ಜಾಗ ಕೊಟ್ಟಳು. ಅವಳ ಗಂಡ, "ನನಗ ದಿನಾ ಬೈತಾಳ್ರಿ, ಇವತ್ತು ನಿಮ್ಮ ಸೊಸಿಯಿಂದ ಸೂಟಿ ಸಿಕ್ತು" ಎಂದ. ಬೆಂಚೆಲ್ಲ ನಕ್ಕಿತು. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಫೋಟೋ ಬಂತೆಂದು ಅವನ ಹೆಸರು ಕರೆದರು.

ಜನ ಕರಗಿದ ಮೇಲೆ ನಿಮ್ಮ ಅವ್ವ ಡಾಕ್ಟರ ಮೇಜಿನ ಮುಂದೆ ಹೋಗಿ ನಿಂತಳು. ನಾನು ಬಾಗಿಲಲ್ಲಿದ್ದೆ. "ಸರ್, ಮಷೀನು ಛಲೋನ ಐತ್ರಿ. ತಪ್ಪು ನಂದು" ಎಂದು ಶುರು ಮಾಡಿ, ಮುಂಡರಗಿಯವರ ಸಿಟ್ಟಿಗೆ ಅಂಜಿ ಮೂರಕ್ಕೂ ಒಂದೇ ಮಿತಿ ಹಾಕಿದ್ದು, ಶಿರಹಟ್ಟಿಯದೂ ಬೀಳಬಹುದಾದದ್ದು, ಎಲ್ಲವನ್ನೂ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

"ಕಣ್ಣಿನ ನಂಬರ್ ಎಲ್ಲಾರಿಗೂ ಒಂದ ಕೊಟ್ರ ನಡೀತೈತೇನಮ್ಮ?" ಎಂದರು ಕೊನೆಗೆ.

"ಇಲ್ರಿ."

"ನಾಳಿ ಶಿರಹಟ್ಟಿಗೆ ಹೋಗಿ ಅದನ್ನೂ ನೋಡಿಬಿಡ್ರಿ. ಮತ್ತ ಮುಂಡರಗಿಯವಗ ನೀವ ತಿಳಿಸಿ ಹೇಳ್ರಿ. ಆತನ ಬಾಯಿಗೆ ನಾನೂ ಅಂಜ್ತೀನಿ."

ಬೀದಿಗೆ ಬಂದರೂ ಆಕೆ ಮಂಕಾಗಿಯೇ ನಡೆಯುತ್ತಿದ್ದಳು. "ಏನೂ ಹೇಳಲಿಲ್ಲಲ್ರಿ ಅತ್ತೀ, ಇಡ್ತಾರೋ ಬಿಡ್ತಾರೋ."

"ನಾಳಿ ಹೋಗು ಅಂದ್ರಲ್ಲ ತಂಗಿ. ಬಿಡಸಾವ್ರು ನಾಳಿ ಅಂತಾರೇನು?"

ಆಕೆ ರಸ್ತೆಯಲ್ಲೇ ನಿಂತು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ಹಿಡಿದವಳು ಬಸ್‌ಸ್ಟ್ಯಾಂಡಿನವರೆಗೆ ಬಿಡಲಿಲ್ಲ.

ಅಲ್ಲಿ ಮುಂಡರಗಿಗೆ ಫೋನು ಹಚ್ಚಿದಳು. ಆ ಗದ್ದಲದಲ್ಲೂ ಆತನ ಕೂಗಾಟ ನನಗೆ ಕೇಳಿಸಿತು. "ನಿಮ್ಮ ಮಷೀನಿಗೆ ಇದ್ದಷ್ಟ ಸಾಕ್ರಿ. ಹೆಚ್ಚು ಕೊಟ್ರೂ ಅದಕ ಮುಟ್ಟಾಕ ಆಗೂದಿಲ್ಲ. ಸಿಟ್ಟ ಮಾಡ್ಕೊಂಡ್ರ ಮಾಡ್ಕೋರಿ, ಹೇಳೂದು ಹೇಳೇನಿ" ಎನ್ನುತ್ತಿದ್ದಳು. ಸುತ್ತಲೂ ಗಂಡಸರು ನಿಂತಿದ್ದರೂ ದನಿ ತಗ್ಗಿಸಲಿಲ್ಲ. ಅಷ್ಟರಲ್ಲಿ ಗದಗಿನ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಆಕೆಯ ಮಾತು ಇನ್ನೂ ಮುಗಿದಿರಲಿಲ್ಲ. ನಾನು ಸೆರಗು ಬಿಗಿದು, ಬುತ್ತಿಯ ಚೀಲವನ್ನು ಕಿಟಕಿಯಿಂದ ಸೀಟಿನ ಮೇಲೆ ಎಸೆದೆ. ತಲೆಗೆ ಪಟಕಾ ಸುತ್ತಿದವನೊಬ್ಬ ಅದನ್ನು ಸರಿಸಿ ಕೂಡಲು ಹೋದ.

"ಕುಂಡ್ರಬ್ಯಾಡ್ರಿ, ಹಿಡದೀವಿ!" ಎಂದು ಕೆಳಗಿನಿಂದಲೇ ಕೂಗಿದೆ. "ಇಬ್ಬರದೂ ಐತಿ!"