ಹೆಬ್ಬೆರಳಿನ ಮೇಲೆ ಹೊರಿಸಿದ ತಪ್ಪು

ಕೊರೋನಾ ಮುಗಿದ ಮರುವರ್ಷದ ಮಾತು. ಹಗರಿಬೊಮ್ಮನಹಳ್ಳಿಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಕೆಲಸಕ್ಕೆ ಇಳಿದು ನನಗಾಗ ಮೂವತ್ತನಾಲ್ಕು ವರ್ಷ ತುಂಬಿತ್ತು. ಓದು ಎಸ್ಸೆಸ್ಸೆಲ್ಸಿಗೇ ಮುಗಿದಿದ್ದರೂ, ಕೈಗೆ ಬಂದ ಯಂತ್ರ ಹಾಗೇ ವಾಪಸು ಹೋಗಿಲ್ಲ ಎಂಬ ಸೊಕ್ಕು ಬೇಕಾದಷ್ಟಿತ್ತು.

ದುರುಗಪ್ಪನವರು ನಿವೃತ್ತ ಬಸ್ ಡ್ರೈವರ್. ಲಕ್ವಾ ಹೊಡೆದು ಬಲಗೈ ಸೋತಿತ್ತು. ನರ್ಸ್ ಆಗಿರುವ ಮಗಳು ಶಾಂತಾ, ಅಪ್ಪನ ಬೆರಳಿಗೆ ಕೆಲಸವಾಗಲಿ ಎಂದು ಮೀನು ಹಿಡಿಯುವ ರಾಡು ಮತ್ತು ಹಗುರವಾದ ಬೇಟ್‌ಕಾಸ್ಟಿಂಗ್ ರೀಲು ತರಿಸಿಕೊಟ್ಟಿದ್ದಳು. ರಾಡಿಗೆ ಸಿಕ್ಕಿಸಿ ದಾರ ಬಿಡುವ, ಸುತ್ತುವ ಆ ರೀಲು ಮೂರು ಕೋಳಿಮೊಟ್ಟೆಯಷ್ಟೇ ತೂಕ. ದಾರ ಸುತ್ತಿದ ಉರುಳೆಗೆ ಸ್ಪೂಲ್ ಎನ್ನುತ್ತಾರೆ. ಗಾಳ ಎಸೆದಾಗ ಅದು ಗಿರ್ರನೆ ತಿರುಗಿ ದಾರ ಬಿಡುತ್ತದೆ. ಗಾಳ ನೀರು ಮುಟ್ಟುವ ಹೊತ್ತಿಗೆ ಹೆಬ್ಬೆರಳಿನಿಂದ ಅದನ್ನು ಒತ್ತಿ ನಿಲ್ಲಿಸಬೇಕು. ತಡವಾದರೆ ದಾರವೆಲ್ಲ ಉಕ್ಕಿ ಸಿಕ್ಕಾಗುತ್ತದೆ. ತಂಬ್ರಹಳ್ಳಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಐದು ತಿಂಗಳು ಎಸೆದು ಎಸೆದು ಆ ಹೆಬ್ಬೆರಳು ಮತ್ತೆ ಮಾತು ಕೇಳತೊಡಗಿತ್ತು. ಅವರು ಮತ್ತೆ ಬಲಗೈಯಲ್ಲೇ ಉಣ್ಣತೊಡಗಿದ್ದರು.

ರೀಲು ಉಸುಕಿಗೆ ಬಿದ್ದು ಕರಕರ ಎನ್ನತೊಡಗಿದಾಗ ಅದನ್ನು ನನ್ನ ಅಂಗಡಿಗೆ ತಂದರು.

“ಮೇಸ್ತ್ರಿ, ಇದನ್ನ ಬಿಚ್ಚಾಕ ಬರ್ತತೋ, ಇಲ್ಲಾ ಸುಮ್ನ ಬೋರ್ಡ್ ಹಾಕ್ಕೊಂಡು ಕುಂತೀಯೋ?”

“ತಿರುಗೋ ಸಾಮಾನು ಯಾವ್ದರ ಇರ್ಲಿ ಅಣ್ಣಾ, ನನ್ನ ಕೈಗೆ ಬಂದ್ರ ತಿರುಗಲೇಬೇಕು.”

ಬಿಚ್ಚಿ, ತೊಳೆದು, ಹೊಲಿಗೆ ಯಂತ್ರಕ್ಕೆ ಮಾಡುವಂತೆ ಉಜ್ಜುವ ಜಾಗಕ್ಕೆಲ್ಲ ಎರಡೆರಡು ಹನಿ ಎಣ್ಣೆ ಬಿಟ್ಟೆ. ಸ್ಪೂಲಿನ ಬದಿಯಲ್ಲಿ ಕಾಳಿನಷ್ಟು ಚಿಕ್ಕ ತುಂಡುಗಳಿದ್ದವು. ಅವೂ ಬಳೆಯಂಥ ಒಂದು ಉಂಗುರಕ್ಕೆ ಉಜ್ಜುತ್ತಿದ್ದವು. ಅಲ್ಲಿಗೂ ಬಿಟ್ಟೆ.

ನಾಲ್ಕನೆಯ ದಿನ ದುರುಗಪ್ಪನವರು ದಾರವೆಲ್ಲ ಸಿಕ್ಕಿನ ಮುದ್ದೆಯಾಗಿದ್ದ ರೀಲು ಹಿಡಿದು ಬಂದರು. “ಎಸೆದಾಗೆಲ್ಲ ಹಿಂಗ ಆಗಾಕತ್ತೈತಿ. ಮೊದ್ಲು ಆಗ್ತಿದ್ದಿಲ್ಲ.”

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಳಗೆ ಬಿಚ್ಚಿಯೂ ನೋಡದೆ, ಸಿಕ್ಕು ಕತ್ತರಿಸಿ ಸ್ಪೂಲನ್ನು ಅವರೆದುರೇ ತಿರುಗಿಸಿದೆ. “ಮಷೀನ್ ಬೆಣ್ಣಿ ಇದ್ದಂಗೈತಿ. ತಡ ಮಾಡಾಕತ್ತಿರೋದು ನಿಮ್ಮ ಹೆಬ್ಬಟ್ಟು.”

ಅವರು ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು ಹೊರಟುಹೋದರು.

ಹತ್ತು ದಿನಕ್ಕೆ ಒಬ್ಬ ಟೇಲರ್ ತನ್ನ ಹೊಲಿಗೆ ಯಂತ್ರದ ಮೋಟರ್ ತಂದ. ಪೆಡಲಿನಿಂದ ಕಾಲು ತೆಗೆದರೂ ನಿಲ್ಲುವುದಿಲ್ಲವಂತೆ. ಬಿಚ್ಚಿದರೆ ಬ್ರೇಕಿನ ತುಂಬ ಎಣ್ಣೆ. “ಏನಪಾ, ಬ್ರೇಕಿಗೆ ಯಾರರ ಎಣ್ಣಿ ಹಾಕ್ತಾರೇನು?” ಎಂದು ಬೈದೆ. ಬೈದ ಮರುಕ್ಷಣ ನನ್ನ ಕೈ ನಿಂತಿತು. ರೀಲಿನಲ್ಲಿ ನಾನು ಎಣ್ಣೆ ಬಿಟ್ಟ ಆ ಕಾಳಿನಂಥ ತುಂಡುಗಳೇ ಸ್ಪೂಲಿನ ಬ್ರೇಕು. ಅವು ಜಾರಿದ್ದಕ್ಕೇ ದಾರ ಸಿಕ್ಕಾಗುತ್ತಿತ್ತು.

ಅಂದಿನಿಂದ ಅಂಗಡಿಯಲ್ಲಿ ಕೂರಲಾಗಲಿಲ್ಲ. ದುರುಗಪ್ಪನವರ ಓಣಿಯ ತನಕ ಹೋಗುವುದು, ತಿರುಗಿ ಬರುವುದು. ಬಿಚ್ಚಿದ ಸ್ಕ್ರೂ ಎಲ್ಲಿಟ್ಟೆ ಎಂದು ಹುಡುಕುವುದು. ಎರಡು ತಿಂಗಳು ಹೀಗೇ ಕಳೆದೆ.

ಕೊನೆಗೆ ಶಾಂತಾಳೇ ಬಂದಳು. “ಕಾಕಾ, ಅಪ್ಪ ರಾಡ್ ಮುಟ್ಟವಲ್ಲ. ಎಡಗೈಲೆ ಉಣ್ಣಾಕತ್ಯಾನ. ಮತ್ತ ಲಕ್ವಾ ಬರಾಕತ್ತೈತಿ, ಹೆಬ್ಬಟ್ಟು ಮೊದ್ಲ ಹೇಳ್ತು ಅಂತಾನ. ಡಾಕ್ಟ್ರು ಏನೂ ಇಲ್ಲ ಅಂದ್ರೂ ಕೇಳವಲ್ಲ.”

ಆಗಲೂ ಬಾಯಿ ಬಿಡಲಿಲ್ಲ. “ರೀಲ್ ಕೊಡವ್ವಾ, ಒರೆಸಿ ಕೊಡ್ತೀನಿ” ಎಂದು ತರಿಸಿಕೊಂಡು, ಬ್ರೇಕಿನ ಎಣ್ಣೆಯನ್ನು ಸ್ಪಿರಿಟ್‌ನಿಂದ ತೊಳೆದು ಕಳಿಸಿದೆ. ರೀಲು ಸರಿಯಾಯಿತು. ಅವರು ಮುಟ್ಟಲಿಲ್ಲ. ದೋಷ ತನ್ನ ಬೆರಳಿನದೆಂದು ನಂಬಿದವರಿಗೆ ಸರಿಯಾದ ರೀಲಿನಿಂದ ಆಗಬೇಕಾದ್ದೇನು?

ಮರುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ.

“ನಿನ್ನ ಕೈ ಕೊಡಲೇ” ಎಂದರು ದುರುಗಪ್ಪನವರು. ನನ್ನ ಮಣಿಕಟ್ಟಿನ ಮೇಲೆ ಆ ಹೆಬ್ಬೆರಳಿಟ್ಟು ತಮ್ಮ ಕುತ್ತಿಗೆಯ ನರ ಉಬ್ಬುವಷ್ಟು ಒತ್ತಿದರು. “ನೋವಾತೇನು?”

ಹೌದು ಎನ್ನಬೇಕೆನಿಸಿತು. ಅದು ಮತ್ತೊಂದು ಸುಳ್ಳಾಗುತ್ತಿತ್ತು. ಎರಡು ತಿಂಗಳಿಗೂ ಹೆಚ್ಚು ಕೆಲಸವಿಲ್ಲದೆ ಬೆರಳು ನಿಜವಾಗಿಯೂ ಸೋತಿತ್ತು.

“ಇಲ್ಲರಿ ಅಣ್ಣಾ.”

“ಹಂಗಾರ ದಿನಾ ಮುಂಜಾನಿ ನನ್ನ ಜೋಡಿ ಹಿನ್ನೀರಿಗೆ ಬಾ. ಸಿಕ್ಕು ನೀನ ಬಿಡಸು. ನೋವಾತು ಅನ್ನೋತನಕ ನಾ ಬಿಡಂಗಿಲ್ಲ.”

ಹೋದೆ. ಅವರು ಮಣಿಕಟ್ಟು ಒತ್ತಿದಾಗ ನೋವಾಯಿತು ಎಂದು ನಿಜವಾಗಿ ಹೇಳಲು ನಾಲ್ಕು ತಿಂಗಳು ಬೇಕಾಯಿತು. ಆದರೂ ಆ ಬೆರಳು ಮೊದಲಿನಷ್ಟು ಚುರುಕಾಗಲಿಲ್ಲ. ರಿಪೇರಿಯವನು ಯಂತ್ರದ ಬಗ್ಗೆ ಹೇಳಿದ್ದನ್ನು ನಂಬುವ ಜನ, ತಮ್ಮ ಬಗ್ಗೆ ಹೇಳಿದ್ದನ್ನೂ ನಂಬಿಬಿಡುತ್ತಾರೆ. ಮೂವತ್ತನಾಲ್ಕು ವರ್ಷದ ಕೆಲಸ ನನಗೆ ಇದನ್ನು ಇಷ್ಟು ತಡವಾಗಿ ಕಲಿಸಿತು.

ಈಗ ಅಂಗಡಿ ಇಲ್ಲ. ಹಿನ್ನೀರಿಗೆ ಹೋಗುವುದು ಬಿಟ್ಟಿಲ್ಲ. ದಾರ ಸಿಕ್ಕಾದಾಗ ಅವರು ನನ್ನತ್ತ ತಿರುಗಿ ಕೇಳುತ್ತಾರೆ: “ಇದು ಯಾರ ತಪ್ಪಪಾ ಮೇಸ್ತ್ರಿ?” ರೀಲು ಬಿಚ್ಚಿ ನೋಡುವ ತನಕ ನಾನು ಉತ್ತರ ಹೇಳುವುದಿಲ್ಲ.