ಮಗಳನ್ನು ಬಿಟ್ಟು ಹೋದ ಆಗಸ್ಟ್

ನನ್ನ ಗಂಡನನ್ನು ಅವರ ಕಂಪನಿ ಒಂದು ವರ್ಷದ ಮಟ್ಟಿಗೆ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಕಳಿಸಿತ್ತು. ಸಮುದ್ರದ ದಂಡೆಯ ತಣ್ಣನೆಯ ಊರು. ನಾನು ಪುಣೆಯಲ್ಲೇ ಉಳಿದು, ಮಗಳನ್ನು ಶಾಲೆಗೆ ಕಳಿಸಿ ಹಿಂಜವಾಡಿಯ ಆಫೀಸಿಗೆ ಓಡುತ್ತಿದ್ದೆ. ಸಾಫ್ಟ್‌ವೇರಿನ ಕೈಪಿಡಿ ಬರೆಯುವುದು ನನ್ನ ಕೆಲಸ. ಬರೆಯಲು ಆಫೀಸೇ ಬೇಕೆಂದಿಲ್ಲವಲ್ಲ ಎಂದು ಕೇಳಿಕೊಂಡಾಗ ಮ್ಯಾನೇಜರ್ ಒಪ್ಪಿದರು. ಮೂರು ತಿಂಗಳು ಗಂಡನ ಬಳಿ ಇದ್ದು ಅಲ್ಲಿಂದಲೇ ಕೆಲಸ ಮಾಡಿ, ಆಗಸ್ಟ್‌ನಿಂದಲೋ ಏಪ್ರಿಲ್‌ನಿಂದಲೋ ನೀವೇ ಹೇಳಿ ಎಂದರು.

ಏಪ್ರಿಲ್ ಎಂದಿದ್ದರೆ ಶಾಲೆಗೆ ರಜೆ, ಮಗಳನ್ನೂ ಕರೆದೊಯ್ಯಬಹುದಿತ್ತು. ನಾನು ಆಗಸ್ಟ್ ಎಂದೆ. ಏಪ್ರಿಲ್‌ನಲ್ಲಿ ಕೆಲಸದ ಒತ್ತಡ ಜಾಸ್ತಿ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳೇನಲ್ಲ. ಆದರೆ ಡಬ್ಬಿ ಕಟ್ಟುವುದು, ಯೂನಿಫಾರ್ಮ್ ಇಸ್ತ್ರಿ ಮಾಡುವುದು ಯಾವುದೂ ಇಲ್ಲದೆ, ಯಾರ ತಾಯಿಯೂ ಆಗದೆ, ಒಮ್ಮೆ ಇದ್ದು ನೋಡಬೇಕೆಂಬ ಆಸೆ ನನಗಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ.

ನಮ್ಮ ಕಟ್ಟಡದಲ್ಲೇ, ಕೆಳಗಿನ ಮಹಡಿಯಲ್ಲಿ, ಗಂಡನ ಅಕ್ಕ ಇದ್ದರು. ಮಗಳು ತಾನಾಗಿಯೇ ಪುಸ್ತಕ, ಬಟ್ಟೆ ಎತ್ತಿಕೊಂಡು ಅವರ ಮನೆಗೆ ಇಳಿದಳು.

ಅಬರ್ಡೀನ್‌ನಲ್ಲಿ ಬೆಳಗ್ಗೆ ಬೇಗ ಕೆಲಸಕ್ಕೆ ಕೂತರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಆಮೇಲೆ ಸ್ವೆಟರ್ ಹಾಕಿಕೊಂಡು ಸಮುದ್ರದ ಕಡೆ ಹೋಗಿ, ಗಂಡ ಬರುವವರೆಗೆ ಸುಮ್ಮನೆ ಕೂರುತ್ತಿದ್ದೆ. ಅಷ್ಟು ಹಗುರಾಗಿ ನಾನು ಎಂದೂ ಇದ್ದದ್ದಿಲ್ಲ. ಪುಣೆಗೆ ಫೋನ್ ಮಾಡಿದಾಗ ಮಾತ್ರ ಇಲ್ಲಿ ವಿಪರೀತ ಥಂಡಿ, ಊಟ ಸೇರುವುದಿಲ್ಲ, ಹೊತ್ತು ಹೋಗುವುದಿಲ್ಲ ಎಂದು ದೂರುತ್ತಿದ್ದೆ. ಸುಖವಾಗಿದ್ದೇನೆ ಎನ್ನಲು ಬಾಯಿ ಬರುತ್ತಿರಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಅಕ್ಕ ಫೋನಿನಲ್ಲಿ ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿದರು.

“ಗಾಬರಿ ಆಗಬ್ಯಾಡ. ಹುಡುಗಿ ದೊಡ್ಡಾಕಿ ಆದ್ಳು. ಚೌತಿ ಹಿಂದಿನ ದಿನಾನೇ ಆತು. ನಿನಗ ಹೇಳಬ್ಯಾಡ ಅಂತ ಅಕೀನೇ ಅಂದ್ಳು.”

ಆ ವಿಷಯವನ್ನು ಅವಳಿಗೆ ಹೇಗೆ ತಿಳಿಸಬೇಕೆಂದು ಯೋಚಿಸಿದ್ದೆ, ಆದರೆ ಇನ್ನೂ ಹೊತ್ತಿದೆ ಎಂದುಕೊಂಡಿದ್ದೆ. ಅಕ್ಕನದು ಮಡಿ ಮೈಲಿಗೆಯ ಮನೆ. ಹಬ್ಬದ ದಿನ ಮಗುವನ್ನು ಹೊರಗೆ ಕೂಡಿಸಿರಬೇಕೆಂದು ನೆನೆದು ಕಣ್ಣು ತುಂಬಿತು. ಮಗಳಿಗೆ ಫೋನ್ ಕೊಡಿ ಎಂದೆ.

“ನೀ ಓಡಿ ಬರಬ್ಯಾಡ ಮತ್ತ,” ಎಂದಳು ಅವಳು. “ಅತ್ತಿ ಎಲ್ಲಾ ಹೇಳ್ಯಾಳ. ಹಬ್ಬದ ದಿನ ಬಾಜೂಕ ಕೂಡಿಸಿಕೊಂಡು ಮೋದಕ ಮಾಡಿಸಿದ್ಲು.”

ನನಗಾಗಿ ಎಂದೂ ಸಡಿಲಿಸದ ಇಷ್ಟು ವರ್ಷದ ಪದ್ಧತಿಯನ್ನು ಅಕ್ಕ ಅವಳಿಗಾಗಿ ಪಕ್ಕಕ್ಕಿಟ್ಟಿದ್ದರು.

ಟಿಕೆಟ್ ಬದಲಿಸಿ ಹೊರಡು ಎಂದರು ಗಂಡ. ನಾನು ಹೊರಡಲಿಲ್ಲ. ಬರಬೇಡ ಎಂದು ಅವಳೇ ಹೇಳಿದ್ದಾಳಲ್ಲ ಎಂದುಕೊಂಡು, ಉಳಿದ ದಿನಗಳೂ ಸಮುದ್ರದ ಬಳಿ ಹೋಗಿ ಕೂತೆ. ಹಿತವಾಗಿಯೇ ಇತ್ತು. ಹಿತವಾಗಿದ್ದದ್ದೇ ಹೆಚ್ಚು ಚುಚ್ಚಿತು.

ಅಕ್ಟೋಬರ್ ಕೊನೆಗೆ ಮರಳಿದಾಗ ಅವಳು ಓಡಿ ಬಂದು ತಬ್ಬಿಕೊಂಡಳು. ಆದರೆ ಹೊಟ್ಟೆ ನೋವಾದ ದಿನ, ನಾನು ಎದುರಿಗೇ ಇದ್ದರೂ, ಮೆಟ್ಟಿಲಿಳಿದು ಅತ್ತೆಯ ಮನೆಗೆ ಹೋದಳು. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ನಾನೂ ಇಳಿದು ಹೋದೆ. ಅಕ್ಕ ಮಗಳ ಪಕ್ಕದಲ್ಲಿ ನನಗೂ ಜಾಗ ಮಾಡಿಕೊಟ್ಟರು.