ಲೊಡಲೊಡ ಅಂದ ಕ್ಯಾಮೆರಾ

ಅಕ್ಕನ ಮದುವೆಯ ಫೋಟೊ ನಾನೇ ತೆಗೆಯುತ್ತೇನೆಂದು ಹಟ ಹಿಡಿದಾಗ ನಾನಿನ್ನೂ ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದೆ. ಶಿಬಿರವೊಂದರಲ್ಲಿ ಮೇಷ್ಟರು ತಮ್ಮ ಕ್ಯಾಮೆರಾ ನನ್ನ ಕೈಗೆ ಕೊಟ್ಟದ್ದೇ ತಪ್ಪಾಯಿತು, ಅವತ್ತಿನಿಂದ ಅದೇ ಹುಚ್ಚು. ತೊಂಬತ್ತರ ದಶಕದ ಕೊನೆ, ರೋಲು ಹಾಕುವ ಕಾಲ. ಅಪ್ಪ ಒಂದೇ ಷರತ್ತು ಹಾಕಿದರು.

"ಹಳೇದೊಂದು ತಗಳಣ. ಮೊದ್ಲು ಒಂದು ರೋಲು ತೆಗ್ದು ತೋರ್ಸು. ಚೆನ್ನಾಗಿ ಬರ್ಲಿಲ್ಲ ಅಂದ್ರೆ ಸ್ಟುಡಿಯೋದವ್ರನ್ನೇ ಕರ್ಸೋದು. ಆಮೇಲೆ ಮುಖ ಊದಿಸ್ಕೋಬಾರ್ದು."

ತಿಪಟೂರು ಬಸ್‌ಸ್ಟ್ಯಾಂಡಿನ ಹಿಂದೆ ಗಡಿಯಾರ, ರೇಡಿಯೊ, ಕ್ಯಾಮೆರಾ ಎಲ್ಲವನ್ನೂ ರಿಪೇರಿ ಮಾಡುವ ಸಾಹೇಬರೊಬ್ಬರ ಅಂಗಡಿಯಿತ್ತು. ಅವರು ಎರಡು ಹಳೇ ಕ್ಯಾಮೆರಾ ತಂದು ಮುಂದಿಟ್ಟರು. ನಾನು ಕೈ ಚಾಚುವ ಮೊದಲೇ ಅಪ್ಪ ಒಂದನ್ನೆತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಕಂದಿಕೆರೆಯ ನಮ್ಮ ಮನೆಯಲ್ಲಿ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗುತ್ತದೆ. ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಒಡೆದು ನೋಡುವಂತಿಲ್ಲ, ಅಲ್ಲಾಡಿಸಿ ಕೇಳಬೇಕು. ಲೊಡಲೊಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ, ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಅಪ್ಪನ ಕಿವಿಗೆ ಎಷ್ಟು ಹೆಸರೆಂದರೆ ಅಕ್ಕಪಕ್ಕದ ಮನೆಯವರೂ ಬಂದು ಕರೆದುಕೊಂಡು ಹೋಗುತ್ತಿದ್ದರು.

ಮೊದಲನೆಯ ಕ್ಯಾಮೆರಾ ಸದ್ದು ಮಾಡಲಿಲ್ಲ. ಎರಡನೆಯದು ಲೊಡಲೊಡ ಅಂದಿತು. ಅಪ್ಪನ ಮುಖ ಅರಳಿತು.

"ಇದೇ ಇರ್ಲಿ."

"ಸದ್ದು ಬರ್ಬಾರ್ದು ಯಜಮಾನ್ರೇ, ಒಳಗೆ ಏನೋ ಸಡಿಲ ಆಗೈತೆ," ಅಂದರು ಸಾಹೇಬರು.

ಅಪ್ಪ ನನ್ನ ಕಡೆ ಬಗ್ಗಿ, "ಒಳ್ಳೇದನ್ನ ಇನ್ಯಾರ್ಗೋ ಇಟ್ಕಂಡವ್ರೆ ಕಣೇ, ಸುಮ್ನಿರು," ಎಂದು ಪಿಸುಗುಟ್ಟಿದರು. ನಾನಾದರೂ ಬುದ್ಧಿ ಉಪಯೋಗಿಸಬೇಕಿತ್ತು. ಅದೇ ಅಪ್ಪನ ಮಗಳಲ್ಲವೇ, ನಾನೂ ತಲೆಯಾಡಿಸಿದೆ. ಸಾಹೇಬರು ನಕ್ಕು, ಸರಿ ಬರದಿದ್ದರೆ ಬದಲಾಯಿಸಿ ಕೊಡುತ್ತೇನೆಂದರು.

ರೋಲು ತೊಳೆಸಿದರೆ ಪ್ರತಿ ಫೋಟೊದಲ್ಲೂ ಮೇಲಿನ ಅರ್ಧ ಕಪ್ಪು. ಅಮ್ಮನಿಗೆ ತಲೆಯಿಲ್ಲ, ಅಕ್ಕನಿಗೆ ತಲೆಯಿಲ್ಲ, ಹಸುವಿಗೆ ಬರೀ ಕಾಲು. "ನನ್ ಮುಖ ಅಷ್ಟು ಬೇಡ್ವಾಯ್ತೇನೇ?" ಅಂದರು ಅಮ್ಮ. ಅಪ್ಪ ನಗಲಿಲ್ಲ. "ಸ್ಟುಡಿಯೋದವ್ರಿಗೆ ಹೇಳಿ ಬತ್ತೀನಿ ಬುಡು," ಎಂದು ಚಪ್ಪಲಿ ಮೆಟ್ಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಆರ್ಸಿದ್ದು ನೀನು, ಫೋಟೊ ತೆಗ್ಯೋ ಚಾನ್ಸ್ ತಪ್ಪೋದು ನಂಗಾ?" ಎಂದು ಕೇಳಿಯೇಬಿಟ್ಟೆ. ಅಪ್ಪ ತಿರುಗಿಯೂ ನೋಡದೆ ಹೊರಟುಹೋದರು.

ಮಾರನೆಯ ದಿನ ಒಬ್ಬಳೇ ಬಸ್ಸು ಹತ್ತಿದೆ. ಸಾಹೇಬರು ಬೈಯಲಿಲ್ಲ, ಸ್ಟೂಲು ಎಳೆದು ಕೂರಿಸಿ ಕಲಿಸಿದರು. ಹಿಂಬದಿಯ ಬಾಗಿಲು ತೆಗೆದು, ಬೆಳಕು ಬಿಡುವ ಒಳಗಿನ ಪರದೆ ಎಲ್ಲೂ ಸುಕ್ಕಾಗದೆ ಪ್ರತಿ ವೇಗದಲ್ಲೂ ಪೂರ್ತಿ ಸರಿಯುತ್ತದೆಯೇ ಎಂದು ನೋಡಿದೆ. ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು ಬೂಷ್ಟಿನ ಎಳೆ ಹುಡುಕಿದೆ. ಸೆಲ್ಲು ಹಾಕುವ ಜಾಗದಲ್ಲಿ ಹಸಿರು ತುಕ್ಕು ಇದೆಯೇ ಎಂದು ಬೆರಳಾಡಿಸಿದೆ. ಎಲ್ಲ ನೋಡಿ ಸದ್ದಿಲ್ಲದ್ದನ್ನೇ ತಂದೆ.

ಎರಡನೆಯ ರೋಲಿನಲ್ಲಿ ಎಲ್ಲರಿಗೂ ತಲೆ ಬಂದಿತ್ತು. ಅಪ್ಪ ಒಂದೊಂದೇ ಫೋಟೊ ಬಾಗಿಲ ಬೆಳಕಿಗೆ ಹಿಡಿದು ನೋಡಿ, "ನೋಡಣ," ಅಂದರು, ಅಷ್ಟೆ. ಸ್ಟುಡಿಯೋದವರಿಗೆ ಬೇಡವೆಂದರೋ ಇಲ್ಲವೋ, ಕೇಳಲು ನನಗೆ ಧೈರ್ಯವಿರಲಿಲ್ಲ. ಮದುವೆಯ ಬೆಳಗ್ಗೆ ರೋಲು ಹಾಕಿಕೊಂಡೇ ಛತ್ರಕ್ಕೆ ಹೋದೆ.

ಛತ್ರದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಅಪ್ಪನನ್ನು ಕೇಳಿದರು, "ಫೋಟೊದವ್ರು ಇನ್ನೂ ಬರ್ಲಿಲ್ವೇನ್ರೀ?" ನಾನು ಕಂಬದ ಪಕ್ಕ ನಿಂತು ಅಪ್ಪನನ್ನೇ ಫೋಕಸ್ ಮಾಡುತ್ತಿದ್ದೆ.

"ಅಗಳಿ, ಅವ್ಳೇ ನಮ್ ಫೋಟೊದವ್ಳು," ಅಂದರು ಅಪ್ಪ, ನನ್ನ ಕಡೆ ಕೈ ತೋರಿಸಿ. "ಕ್ಯಾಮೆರಾನೂ ಅವ್ಳೇ ನೋಡಿ ತಂದಿದ್ದು. ನಾನು ಆರ್ಸಿದ್ದು ಕೆಟ್ಟಿತ್ತು ಕಣ್ರೀ, ನಂಗೆ ತಿಳೀಲಿಲ್ಲ."

ಒಂದೇ ಒಂದು ಕಾಯಿಯ ವಿಷಯದಲ್ಲೂ ತಪ್ಪೊಪ್ಪಿಕೊಂಡವರಲ್ಲ ನಮ್ಮಪ್ಪ. ಬೀಗರೆದುರು ಅಷ್ಟು ಸಲೀಸಾಗಿ ಅಂದುಬಿಟ್ಟರು. ನನಗೆ ಅಳು ಬಂತು, ಅಳುತ್ತಲೇ ಗುಂಡಿ ಒತ್ತಿದೆ.

ಆ ಫೋಟೊದಲ್ಲಿ ಅಪ್ಪ ಮಸುಕಾಗಿದ್ದಾರೆ. ಆಲ್ಬಮ್ ನೋಡಿದವರು ಕ್ಯಾಮೆರಾ ಸರಿಯಿರಲಿಲ್ಲವೇನೋ ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.